ಜಗಲಿ ಒಳಗೋ ಹೊರಗೋ

ಟಿ. ನರಸೀಪುರ
೯ ಆಗಸ್ಟ್ ೨೦೦೪

ಮಧು,

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಏನಾದರೂ ತಮಾಷೆ ಹೇಳುತ್ತೀಯ, ನಾನು ನಗುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ.

ನಂಜನಗೂಡಿನ ನನ್ನ ಕಂಪ್ಯೂಟರ್ ಅಂಗಡಿ ಮುಚ್ಚಿತು. ಪೊಲೀಸ್ ಜೀಪು ಬಂದು ನಿಂತದ್ದನ್ನು ನೋಡಿದ ಕಟ್ಟಡದ ಮಾಲೀಕರು ಖಾಲಿ ಮಾಡು ಎಂದರು, ಮಾಡಿದೆ. ಶಟರ್ ಎಳೆದ ದಿನ ಬೇಸರವಾಗಬಹುದು ಎಂದು ಕಾದೆ. ಏನೂ ಅನ್ನಿಸಲಿಲ್ಲ. ಈಗ ಇಲ್ಲಿ ಅಕ್ಕ ಯಶೋಧರಾಳ ಮನೆಯಲ್ಲಿದ್ದೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸ.

ವಿಷಯಕ್ಕೆ ಬರುತ್ತೇನೆ. ನನ್ನ ಅಂಗಡಿಯಿಂದ ನಿಮ್ಮ ಮನೆಗೆ ನಾವಿಬ್ಬರೂ ಸೇರಿ ತಂತಿಯಿಲ್ಲದೆ ಇಂಟರ್ನೆಟ್ ತಂದದ್ದು ತಪ್ಪು ಎಂದು ಕೇಸಾಗಿದೆ. ಪೂರ್ತಿ ತಪ್ಪಲ್ಲ. ನಾವು ಬಳಸಿದ ರೇಡಿಯೋ ಅಲೆಗೆ ಕಟ್ಟಡದ ಒಳಗಾದರೆ ಪರವಾನಗಿ ಬೇಡ, ಹೊರಗಾದರೆ ಬೇಕು. ನಿಯಮ ಇರುವುದು ಇಷ್ಟೇ. ನನ್ನ ಕಡೆಯ ಸೆಟ್ಟು ಅಂಗಡಿಯ ಕಿಟಕಿ ಗಾಜಿನ ಹಿಂದೆ, ಒಳಗೇ ಇತ್ತು. ನಿಮ್ಮ ಕಡೆಯದು ಜಗಲಿಯ ತೊಲೆಗೆ ನೇತುಬಿದ್ದಿತ್ತು. ಜಗಲಿಗೆ ಮೇಲೆ ಹೆಂಚಿದೆ, ಮೂರು ಕಡೆ ಗೋಡೆಯಿದೆ. ಒಳಗೆ ಎನ್ನಬಹುದು, ಹೊರಗೆ ಎಂದರೂ ನಡೆಯುತ್ತದೆ. ವರದಿಯಲ್ಲಿ ‘ಮನೆಯ ಹೊರಗೆ’ ಎಂದು ಬರೆದಿದ್ದಾರೆ. ಮನೆಯವರೇ ಹಾಗೆ ಹೇಳಿದರಂತೆ. ಅವರು ನಿಮ್ಮ ಮನೆಗೆ ಬಂದ ಹೊತ್ತಿಗೆ ನಾನು ನಂಜನಗೂಡಿನಲ್ಲಿದ್ದೆ, ಯಾರು ಏನು ಹೇಳಿದರೋ ಗೊತ್ತಿಲ್ಲ.

ಮೈಸೂರಿಗೆ ಹೋಗಿ ವರದಿ ಬರೆದ ಅಧಿಕಾರಿಯನ್ನು ಕಂಡೆ. ಕೆಟ್ಟ ಮನುಷ್ಯನಲ್ಲ. ‘ಜಗಲಿ ನಮ್ಮ ಮನೆಯ ಒಳಗೇ ಸೇರಿದ್ದು’ ಎಂದು ಮನೆಯ ಯಜಮಾನರು ಒಂದು ಸಾಲು ಬರೆದು ಸಹಿ ಹಾಕಿದರೆ, ಎಚ್ಚರಿಕೆ ಕೊಟ್ಟು ಕೇಸು ಮುಗಿಸುತ್ತೇನೆ ಎಂದರು. ನಿಮ್ಮ ಅಪ್ಪ ಜವರಯ್ಯನವರು ತೀರಿಹೋದ ಮೇಲೆ ಮನೆ ನಿಮ್ಮ ಅಮ್ಮನ ಹೆಸರಿಗಿದೆ. ಅವರ ಸಹಿ ಆಗಬೇಕು.

ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಲ್ಯಾಬ್ ಸಹಾಯಕನ ಹುದ್ದೆಗೆ ನನ್ನ ಹೆಸರು ಬಂದಿದೆ. ಪೊಲೀಸ್ ಪರಿಶೀಲನೆಯಲ್ಲಿ ಕೇಸು ಕಂಡರೆ ಆದೇಶ ಕೊಡುವುದಿಲ್ಲ. ಜನವರಿ ಕೊನೆಯವರೆಗೆ ಸಮಯವಿದೆ.

ಒಂದು ಸಾಲು ಸಾಕು.

ರಾಜೇಂದ್ರ


ತೆಂಕಲಹುಂಡಿ, ಹೆಮ್ಮರಗಾಲ ಅಂಚೆ
೩೦ ಆಗಸ್ಟ್ ೨೦೦೪

ಪ್ರೀತಿಯ ರಾಜ,

ನಿನ್ನ ಕಾಗದ ನೋಡಿ ತಾಲ್ಲೂಕು ಕಚೇರಿಯಿಂದ ನೋಟೀಸು ಬಂತೇನೋ ಎಂದು ಗಾಬರಿಯಾದೆ ಕಣೋ. ‘ವಿಷಯಕ್ಕೆ ಬರುತ್ತೇನೆ’ ಅಂತೆ! ಸುತ್ತೂರಿನ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು ನಾವು, ನನ್ನ ತಟ್ಟೆಯ ಹಪ್ಪಳ ಕದ್ದವನು ನೀನು, ನನಗೇ ವಿಷಯಕ್ಕೆ ಬರುತ್ತೀಯಾ? ಊರಿಗೆ ಇಂಟರ್ನೆಟ್ ತಂದವರು ಒಬ್ಬರಿಗೊಬ್ಬರು ಮೂರು ಕಾಸಿನ ಅಂಚೆಯಲ್ಲಿ ಮಾತಾಡುತ್ತಿದ್ದೇವೆ, ಯಾರಾದರೂ ಕೇಳಿದರೆ ನಗುತ್ತಾರೆ.

ಅಂಗಡಿ ಮುಚ್ಚಿದ್ದು ನನಗೆ ಗೊತ್ತಿರಲಿಲ್ಲ. ನಿಜವಾಗಿ ಬೇಜಾರಾಯಿತು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ನಮ್ಮ ಜಗಲಿ ನೆನಪಿದೆಯಾ? ನಿಮ್ಮ ಬೀದಿಯ ಮಕ್ಕಳು, ನಮ್ಮ ಬೀದಿಯ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಂಬರು ಹುಡುಕಿದ್ದು? ನಿಮ್ಮ ಚಲುವಮ್ಮನ ಮಗಳು ಫಸ್ಟ್ ಕ್ಲಾಸು ಅಂತ ಗೊತ್ತಾದಾಗ ಅವಳು ಅಂಗಳದಲ್ಲಿ ನಿಂತು ಅಳುವುದಕ್ಕೆ ಶುರುಮಾಡಿದಳು, ಫೇಲಾದಳೇನೋ ಎಂದುಕೊಂಡು ನಮ್ಮಮ್ಮ ಅಂಗಳಕ್ಕೆ ಇಳಿದುಬಂದು ಬೆಲ್ಲ ಕೊಟ್ಟಳು.

ಇನ್ನು ‘ಮನೆಯವರು ಹಾಗೆ ಹೇಳಿದರಂತೆ’ ಅಂದೆಯಲ್ಲ, ಅದನ್ನು ಹೇಳಿದ್ದು ಅಮ್ಮನೇ. ನಾನು ಪಕ್ಕದಲ್ಲೇ ಇದ್ದೆ. ಆ ಆಫೀಸರು ಜಗಲಿಯ ಮೇಲೆ ನಿಂತು, “ಏನಮ್ಮ, ಆ ರಾಜೇಂದ್ರ ಅನ್ನೋ ಹುಡುಗ ಇದನ್ನ ಒಳಗಿಟ್ಟಿದ್ದನೋ ಹೊರಗೋ?” ಎಂದು ಕೇಳಿದರು. ಜೊತೆಗೆ ಪೊಲೀಸಿನವರು ಬೇರೆ. ಇವನು ಮನೆಯೊಳಕ್ಕೆ ನುಗ್ಗಿದ ಅಂತ ಯಾರೋ ದೂರು ಕೊಟ್ಟಿರಬೇಕು, ಅದಕ್ಕೇ ಹಿಡಿದುಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡಿದ್ದಾಳೆ ಅವಳು. ತಕ್ಷಣ ನಿನ್ನ ಪರವಾಗಿ ನಿಂತಳು.

“ಅಯ್ಯೋ, ಒಳೀಕೆ ಯಾಕ್ ಬಂದಾನು ಸಾ? ಉಡ್ಗ ಬಲು ಮರ್ವಾದಸ್ತ. ಚಿಕ್ಕೋನಿದ್ದಾಗ್ಲಿಂದ ನೋಡಿವ್ನಿ, ಒಂದಿನಾನೂ ಒಸ್ಲು ದಾಟ್ದೋನಲ್ಲ. ಏನಿದ್ರೂ ಒರಗೇ, ಜಗ್ಲೀಲೇ.”

ಆಫೀಸರು ಅದನ್ನೇ ಬರೆದುಕೊಂಡರು. ಅಮ್ಮ ಇವತ್ತಿಗೂ ಬಂದವರ ಮುಂದೆಲ್ಲ “ಪುಟ್ಟಬಸವಯ್ಯನ ಮಗನ್ನ ನಾನೇ ಉಳುಸ್ಕೊಂಡೆ” ಎಂದು ಹೇಳಿಕೊಳ್ಳುತ್ತಾಳೆ. ನಾನು ಅವಳನ್ನು ತಿದ್ದಲು ಹೋಗಿಲ್ಲ. ಏನಂತ ತಿದ್ದಲಿ?

ಗೌರಿ ಹಬ್ಬ ಕಳೆಯಲಿ, ಸಹಿ ಹಾಕಿಸುತ್ತೇನೆ. ಒಂದು ಸಾಲು ತಾನೇ.

ನಿನ್ನ
ಮಧು


ಟಿ. ನರಸೀಪುರ
೧೪ ಸೆಪ್ಟೆಂಬರ್ ೨೦೦೪

ಮಧು,

ನಿನ್ನ ಅಮ್ಮ ಹೇಳಿದ್ದನ್ನು ಹಾಗೇ ಬರೆದದ್ದಕ್ಕೆ ಥ್ಯಾಂಕ್ಸ್. ಅಕ್ಕನಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಪಾತ್ರೆ ತೊಳೆದಳು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು ಎನ್ನುವುದೂ ನನಗೆ ಗೊತ್ತು. ಗೊತ್ತಿದ್ದೂ ಒಳಗೆ ಏನೂ ಆಡುತ್ತಿಲ್ಲ. ಮರಗಟ್ಟಿದ ಕಾಲನ್ನು ಮುಟ್ಟಿ ನೋಡಿಕೊಂಡ ಹಾಗಿದೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಸೆಟ್ಟನ್ನು ಮೊದಲು ತಂದ ದಿನ ನಿಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ನಿಮ್ಮ ಮಾಳಿಗೆಯ ಉತ್ತರದ ಕಿಟಕಿ ನೇರ ನಂಜನಗೂಡಿಗೇ ಮುಖ ಮಾಡಿದೆ. ನಡುವೆ ಗುಡ್ಡವಿಲ್ಲ, ಬರೀ ಗದ್ದೆ. ಅದರ ಹಿಂದೆ ಇಟ್ಟಿದ್ದರೆ ಸಿಗ್ನಲ್ಲೂ ಚೆನ್ನಾಗಿ ಸಿಗುತ್ತಿತ್ತು, ನಿಯಮಕ್ಕೂ ಸರಿಹೋಗುತ್ತಿತ್ತು. ಆದರೆ ಮಾಳಿಗೆಯ ಮೆಟ್ಟಿಲು ನಡುಮನೆಯಲ್ಲಿ, ದೇವರ ಮನೆಯ ಪಕ್ಕ. ನೀನು “ಎಲ್ಲಿ ಕಟ್ಟೋಣ?” ಎಂದು ಕೇಳಿದೆ. ನಾನು “ಜಗಲಿ ಸಾಕು” ಎಂದೆ. ನೀನು “ಸರಿ” ಎಂದೆ.

ಹಬ್ಬ ಮುಗಿದ ಮೇಲೆ ನೆನಪಿಸಿಕೊ.

ರಾಜೇಂದ್ರ


ತೆಂಕಲಹುಂಡಿ
೨೧ ನವೆಂಬರ್ ೨೦೦೪

ಪ್ರೀತಿಯ ರಾಜ,

ತಡವಾಯಿತು, ಬೈಯಬೇಡ. ಎಮ್ಮೆ ಕರು ಹಾಕಿತು, ಭತ್ತದ ಕೊಯ್ಲು ಬಂತು, ವಾಣಿಗೆ ಗಂಡು ಗೊತ್ತಾಯಿತು. ತಂಗಿಯ ಮದುವೆ ಅಂದರೆ ಅಣ್ಣನಾದವನ ತಲೆ ತಲೆಯಾಗಿರುವುದಿಲ್ಲ. ಹುಡುಗ ಚಿಕ್ಕಯ್ಯನಛತ್ರದ ಕಡೆಯವನು, ಡೈರಿಯಲ್ಲಿ ಕೆಲಸ. ಫೆಬ್ರವರಿಯಲ್ಲಿ ಮದುವೆ.

ಅಮ್ಮನ ಹತ್ತಿರ ಮಾತಾಡಿದೆ. ಸಮಯ ನೋಡಿ, ಕಾಫಿ ಕುಡಿದು ಖುಷಿಯಾಗಿದ್ದಾಗಲೇ ಕೇಳಿದೆ. ಜಗಲಿ ಮನೆಯ ಒಳಗೇ ಸೇರಿದ್ದು ಅಂತ ಒಂದು ಸಹಿ ಹಾಕಮ್ಮ, ರಾಜನಿಗೆ ಕೆಲಸ ಸಿಗುತ್ತದೆ ಎಂದೆ.

“ಸೈನ್ ಆಕೋದೇನ್ ದೊಡ್ಡದು? ಆದ್ರೆ ಜಗ್ಲಿ ಒಳ್ಗೆ ಎಂಗಾದಾತು?”

“ಹೆಂಚಿಲ್ವೇನಮ್ಮ ಮೇಲೆ? ಗೋಡೆ ಇಲ್ವಾ?”

“ಎಂಚಿದ್ರೆ ಒಳ್ಗಾ? ಕೊಟ್ಗೆಗೂ ಎಂಚದೆ. ನಿಮ್ಮಪ್ಪ ಇದ್ದಾಗ್ಲಿಂದ ಆ ಬೀದಿಯೋರು ಬಂದ್ರೆ ಕೂರೋದು ಅಲ್ಲೇ. ಈಗ ನಾನು ಅದು ಒಳ್ಗೆ ಅಂತ ಬರ್ಕೊಟ್ರೆ, ಇಷ್ಟ್ ದಿನ ಅವ್ರೆಲ್ಲ ನಮ್ಮನೆ ಒಳ್ಗೇ ಕೂತಿದ್ರಾ ಅಂತ ಗಂಡಿನ್ ಕಡೆಯೋರು ಕೇಳಾಕಿಲ್ವಾ? ಏನಂತ ಯೋಳ್ಲಿ?”

“ಅವರಿಗೆ ಯಾಕಮ್ಮ ಗೊತ್ತಾಗುತ್ತೆ?”

“ಸರ್ಕಾರ್ದ್ ಕಾಗ್ದ ಕಣ್ಲಾ ಅದು. ಒಂದ್ಸಲ ಬರ್ದ್ರೆ ಬರ್ದಂಗೇ.”

ಆಮೇಲೆ ಅವಳೇ, “ಆ ಉಡ್ಗ ಬಾಳ ಒಳ್ಳೇನು, ದೇವ್ರು ಕಾಪಾಡ್ತಾನೆ” ಎಂದಳು. ಅದನ್ನು ಮನಸಾರೆ ಹೇಳಿದಳು ರಾಜ, ಕಣ್ಣಲ್ಲಿ ನೀರಿತ್ತು. ಅವಳು ಕೆಟ್ಟವಳಲ್ಲ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಮದುವೆ ಒಂದು ಮುಗಿಯಲಿ. ಆಮೇಲೆ ಯಾರ ಹಂಗೂ ಇಲ್ಲ, ನಾನೇ ಅವಳ ಕೈ ಹಿಡಿದು ಸಹಿ ಹಾಕಿಸುತ್ತೇನೆ. ಜನವರಿ ಎಂದದ್ದನ್ನು ಒಂದು ತಿಂಗಳು ಮುಂದೂಡಲು ಆಗುವುದಿಲ್ಲವೇ? ಕೇಳಿ ನೋಡು.

ನಿನ್ನ
ಮಧು


ಟಿ. ನರಸೀಪುರ
೧೯ ಡಿಸೆಂಬರ್ ೨೦೦೪

ಮಧು,

ಕೇಳಿದೆ. ಆಗುವುದಿಲ್ಲ. ಪಟ್ಟಿಯಲ್ಲಿ ನನ್ನ ಕೆಳಗಿನವನು ಕಾಯುತ್ತಿದ್ದಾನೆ. ಅವನದ್ದೂ ತಪ್ಪಲ್ಲ.

ಅಪ್ಪ ಊರಿನಿಂದ ಬಂದಿದ್ದರು. ನಿನ್ನ ಕಾಗದದ ವಿಷಯ ಹೇಳಿದೆ. ಎಲೆಯಡಿಕೆ ಹಾಕಿಕೊಂಡು, “ಅವ್ರ ಜಗ್ಲಿ ಮ್ಯಾಕೆ ನಾನು ಕೂತೇ ಇಲ್ಲ ಕಣಪ್ಪ. ನಮ್ ಕಾಲ್ದಲ್ಲಿ ಅಂಗ್ಳ. ನೀನು ಜಗ್ಲಿಗಂಟ ಓಗಿದ್ದೀಯ” ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ಹೌದು ಎಂದು ತಲೆಯಾಡಿಸಿದೆ.

ವೈರ್‌ಲೆಸ್ ಇಂಟರ್ನೆಟ್ಟಿಗೆ ಇನ್ನಷ್ಟು ಅಲೆಗಳನ್ನು ಪರವಾನಗಿಯಿಲ್ಲದೆ ಬಿಟ್ಟುಕೊಡಬೇಕೇ ಎಂದು ದಿಲ್ಲಿಯಲ್ಲಿ ಚರ್ಚೆ ನಡೆಯುತ್ತಿದೆಯಂತೆ. ಪತ್ರಿಕೆಯಲ್ಲಿ ಓದಿದೆ. ನಾನೂ ಒಂದು ಪುಟ ಬರೆದು ಕಳಿಸಿದೆ. ಪಟ್ಟಣದಲ್ಲಿ ಕಟ್ಟಡಗಳು ಒತ್ತಾಗಿವೆ, ಒಳಗಿನ ಅಲೆ ಅವರಿಗೆ ಸಾಕು. ಹಳ್ಳಿಯಲ್ಲಿ ಮನೆಯಿಂದ ಮನೆಗೆ, ಬೀದಿಯಿಂದ ಬೀದಿಗೆ ಹೋಗಬೇಕಾದರೆ ಹೊರಗೆ ಬಂದೇ ಹೋಗಬೇಕು. ಹೊರಗೆ ಇರುವವರು ಪ್ರತಿಯೊಂದಕ್ಕೂ ಅಪ್ಪಣೆ ಕೇಳಬೇಕೆಂದರೆ ಏನೂ ಆಗುವುದಿಲ್ಲ. ಇಷ್ಟೇ ಬರೆದೆ. ಇಂಗ್ಲಿಷಿನಲ್ಲಿ ಬರೆದದ್ದು, ವ್ಯಾಕರಣ ಎಷ್ಟು ಸರಿಯೋ ಗೊತ್ತಿಲ್ಲ. ಉತ್ತರ ಬರುತ್ತದೆಂದು ಕಾಯುತ್ತಿಲ್ಲ.

ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ. ಅದನ್ನು ಹೇಳಿಬಿಡುವುದು ಒಳ್ಳೆಯದು.

ರಾಜೇಂದ್ರ


ತೆಂಕಲಹುಂಡಿ
೮ ಫೆಬ್ರವರಿ ೨೦೦೫

ಲೇ ರಾಜ!

ಗೆದ್ದೆ ಕಣೋ! ಪೇಪರ್ ನೋಡಿದೆಯಾ? ನೋಡಿಲ್ಲದಿದ್ದರೆ ಇದರ ಜೊತೆ ಕತ್ತರಿಸಿ ಇಟ್ಟಿದ್ದೇನೆ, ನೋಡು. ನಮ್ಮ ಅಲೆಗೆ ಇನ್ನು ಹೊರಗೂ ಪರವಾನಗಿ ಬೇಡವಂತೆ! ಅಂಗಳದಲ್ಲಿ ಇಡು, ತೆಂಗಿನ ಮರಕ್ಕೆ ಕಟ್ಟು, ಕೇಳುವವರಿಲ್ಲ. ನೀನು ಬರೆದ ಒಂದು ಪುಟ ಓದಿಯೇ ದಿಲ್ಲಿಯವರು ಹೆದರಿ ಬಿಟ್ಟುಕೊಟ್ಟಿರಬೇಕು. ಓದಿದವನೇ ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದೆ. “ನಾನು ಯೋಳ್ಲಿಲ್ವಾ, ದೇವ್ರು ಕಾಪಾಡ್ತಾನೆ ಅಂತ” ಎಂದಳು.

ಒಂದೇ ಏಟಿಗೆ ಎಲ್ಲ ಸರಿಹೋಯಿತು. ಈಗ ಯಾರೂ ಯಾವುದಕ್ಕೂ ಸಹಿ ಹಾಕಬೇಕಾಗಿಲ್ಲ. ಜಗಲಿ ಒಳಗಾದರೇನು, ಹೊರಗಾದರೇನು! ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ನನಗೆ.

ಇಪ್ಪತ್ತರಂದು ವಾಣಿಯ ಮದುವೆ. ನೀನು ಬರದಿದ್ದರೆ ನಾನು ಊಟ ಮಾಡುವುದಿಲ್ಲ. ಯಶೋಧರಕ್ಕನನ್ನೂ ಕರೆದುಕೊಂಡು ಬಾ. ಜಗಲಿಯ ಮೇಲೆ ನಿಮಗೆ ಬೇರೆಯಾಗಿ, ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸುತ್ತೇನೆ.

ನಿನ್ನ
ಮಧು


ಟಿ. ನರಸೀಪುರ
೧೫ ಫೆಬ್ರವರಿ ೨೦೦೫

ಮಧು,

ಪೇಪರ್ ನೋಡಿದೆ. ಹೊಸ ನಿಯಮ ಇನ್ನು ಮುಂದಿನದಕ್ಕೆ. ಹಿಂದಿನ ಕೇಸಿಗೆ ಅನ್ವಯಿಸುವುದಿಲ್ಲ.

ಜನವರಿಯ ಕೊನೆಯ ವಾರದವರೆಗೂ ನೋಡಿದೆ. ನಿನ್ನ ಕಾಗದ ಬರಲಿಲ್ಲ. ಕೋರ್ಟಿನಲ್ಲಿ, ಹೌದು, ಹೊರಗೇ ಇತ್ತು ಎಂದು ಒಪ್ಪಿಕೊಂಡು ದಂಡ ಕಟ್ಟಿದೆ. ಎಳೆದಾಡುವುದು ಬೇಡ ಎನ್ನಿಸಿತು. ಹುದ್ದೆ ಕೆಳಗಿನವನಿಗೆ ಹೋಯಿತು. ಅವನು ಜೆರಾಕ್ಸ್ ಮಾಡಿಸಲು ನಮ್ಮ ಅಂಗಡಿಗೇ ಬಂದಿದ್ದ. ಆದೇಶದ ಪ್ರತಿಗಳನ್ನು ನಾನೇ ತೆಗೆದುಕೊಟ್ಟೆ. ಪಾಪ, ನಾನು ಯಾರೆಂದು ಅವನಿಗೆ ಗೊತ್ತಿಲ್ಲ.

ವಾಣಿಗೆ ಒಳ್ಳೆಯದಾಗಲಿ. ಮದುವೆಗೆ ಬರಲಾಗುವುದಿಲ್ಲ. ನೀನು ಊಟ ಮಾಡು.

ರಾಜೇಂದ್ರ


ತೆಂಕಲಹುಂಡಿ
೧೨ ಜೂನ್ ೨೦೦೫

ಪ್ರೀತಿಯ ರಾಜ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಮೂರು ಸಲ ಶುರುಮಾಡಿ ಹರಿದು ಹಾಕಿದೆ. ನನಗೆ ತುಂಬಾ ಸಂಕಟವಾಯಿತು, ಅಷ್ಟೇ ಹೇಳಬಲ್ಲೆ. ನೀನಿಲ್ಲದೆ ಊರಿನಲ್ಲಿ ಮಾತಾಡಲು ಯಾರೂ ಇಲ್ಲ. ಎಲ್ಲರೂ ಹಾಲಿನ ಫ್ಯಾಟು, ಬೋರಿನ ನೀರು ಅಂತಾರೆ.

ಈಗ ಸಂತೋಷದ ಸುದ್ದಿ. ಕೇಸು ಮುಗಿಯಿತೆಂದು ಪೊಲೀಸರು ಹೊತ್ತೊಯ್ದಿದ್ದ ಸೆಟ್ಟನ್ನು ವಾಪಸು ಕೊಟ್ಟರು. ನಮ್ಮ ಮನೆಯಲ್ಲಿ ಹಿಡಿದದ್ದಲ್ಲವೇ, ಅದಕ್ಕೆ ನಮಗೇ ಕೊಟ್ಟರು. ಅಲೆ ಹಿಡಿಯಲೆಂದು ನೀನು ಕೈಯಾರೆ ಹೆಣೆದ ಆ ತಂತಿಯ ಬಲೆ ಒಂದಿಷ್ಟೂ ಮುಕ್ಕಾಗಿಲ್ಲ. ನಂಜನಗೂಡಿನಲ್ಲಿ ಹೊಸದಾಗಿ ಒಬ್ಬರು ವೈರ್‌ಲೆಸ್ ಇಂಟರ್ನೆಟ್ ಅಂಗಡಿ ತೆಗೆದಿದ್ದಾರೆ, ನಿನ್ನ ಹಳೆಯ ಅಂಗಡಿಯ ಬೀದಿಯಲ್ಲೇ. ಅವರಿಂದ ಲೈನು ಹಾಕಿಸಿಕೊಂಡೆ.

ಇನ್ನೂ ದೊಡ್ಡ ಸುದ್ದಿ ಕೇಳು. ಅದನ್ನು ತೊಲೆಗೆ ಕಟ್ಟಲು ಹೋದರೆ ಅಮ್ಮನೇ ತಡೆದಳು. “ಜಗ್ಲೀಲಿದ್ರೆ ಮಳೆ ಇರಚ್ಲು ಒಡೀತದೆ ಕಣ್ಲಾ, ಮಾಳ್ಗೆ ಕಿಟಕೀಲಿಡು” ಎಂದಳು. ಅವಳಾಗಿಯೇ! ನೀನು ಹೇಳಿದ್ದ ಅದೇ ಉತ್ತರದ ಕಿಟಕಿ. ಒಳಗೆ ತರುವಾಗ ಹೊಸಿಲಿನಲ್ಲಿ ನಿಲ್ಲಿಸಿ ಅರಿಶಿನದ ನೀರು ಹಾಕುತ್ತೇನೆ ಅಂತ ಚೊಂಬು ಹಿಡಿದು ಬಂದಳು. ಕರೆಂಟಿನ ಸಾಮಾನು, ಸುಟ್ಟುಹೋಗುತ್ತದೆ ಎಂದು ನಾನು ಕೂಗಾಡಿದ ಮೇಲೆ ಹೂವು ಅದ್ದಿ ಎರಡು ಹನಿ ಚಿಮುಕಿಸಿ ಬಿಟ್ಟಳು. ನಗು ಬರುತ್ತದೆ ಅಲ್ಲವೇ? ಅಂತೂ ನಿನ್ನ ಸೆಟ್ಟು ಒಳಗೆ ಬಂತು ಕಣೋ.

ಆದರೆ ಹಾಳಾದ್ದು ಹಿಡಿಯುತ್ತಿಲ್ಲ. ಎತ್ತ ತಿರುಗಿಸಿದರೂ ಬರುತ್ತದೆ, ಹೋಗುತ್ತದೆ. ಈ ವಾರ ನಮ್ಮ ಹುಡುಗರಿಗೆ ಏನೋ ಅರ್ಜಿ ತುಂಬಬೇಕಂತೆ, ದಿನಾ ಬಂದು ಜಗಲಿಯಲ್ಲಿ ಕೂರುತ್ತಾರೆ. ನಿಮ್ಮ ಬೀದಿಯವರೂ ಇದ್ದಾರೆ. ಯಾವ ಕಡೆಗೆ ತಿರುಗಿಸಬೇಕು, ಏನು ಒತ್ತಬೇಕು, ಬರೆದು ಕಳಿಸು. ಅಥವಾ ನೀನೇ ಒಮ್ಮೆ ಬಂದು ಕೆಳಗೆ ನಿಂತು ಹೇಳಿದರೆ ನಾನು ಮೇಲೆ ತಿರುಗಿಸುತ್ತೇನೆ.

ನಿನ್ನ
ಮಧು


ಟಿ. ನರಸೀಪುರ
೨೦ ಜೂನ್ ೨೦೦೫

ಮಧು,

ಎರಡು ಹನಿ ಬಿದ್ದರೆ ಏನೂ ಆಗುವುದಿಲ್ಲ. ಒಣಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ಬಿಸಿಲಿಗಿಡು. ಅರಿಶಿನ ತಂತಿಯ ಸಂದಿಗೆ ಹೋಗಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗಿ.

ಕಿಟಕಿಗೆ ಕಬ್ಬಿಣದ ಸರಳುಗಳಿದ್ದರೆ ಬಲೆಯನ್ನು ಅವುಗಳಿಗೆ ತಾಗಿಸಬೇಡ, ಒಂದು ಮೊಳ ಹಿಂದಕ್ಕಿಡು. ನಾನು ಆ ಕಿಟಕಿಯಿಂದ ನೋಡಿಲ್ಲ, ಹಾಗಾಗಿ ಏನು ಕಾಣುತ್ತದೆಂದು ನನಗೆ ಗೊತ್ತಿಲ್ಲ. ಅಂಗಳದಿಂದ ಲೆಕ್ಕ ಹಾಕಿದ್ದನ್ನು ಹೇಳುತ್ತೇನೆ. ನಿಮ್ಮ ಗದ್ದೆಯ ತುದಿಯಲ್ಲಿ ಒಂಟಿ ಹುಣಸೆ ಮರವಿದೆಯಲ್ಲ, ಬಲೆಯ ನಡುಭಾಗವನ್ನು ಅದರ ಎಡಕ್ಕೆ ನೇರ ಮಾಡು. ಆಮೇಲೆ ಕೂದಲೆಳೆಯಷ್ಟು ಸರಿಸುತ್ತಾ, ಪ್ರತಿ ಸಲ ಸರಿಸಿದಾಗಲೂ ನಿಂತು ನೋಡು. ಅವಸರ ಮಾಡಿದರೆ ಸಿಗುವುದಿಲ್ಲ. ನೀನು ಯಾವಾಗಲೂ ಅವಸರ ಮಾಡುತ್ತೀಯ.

ಪರದೆಯ ಮೇಲೆ ಸೆಟ್ಟಿನ ಹೆಸರು ಕಾಣುತ್ತದೆ. ನಾನು ‘ಜಗಲಿ’ ಎಂದು ಇಟ್ಟಿದ್ದೆ. ಈಗ ಅದು ಮಾಳಿಗೆಯಲ್ಲಿರುವುದರಿಂದ ಬದಲಿಸಬೇಕೆನ್ನಿಸಿದರೆ ಬದಲಿಸು. ನನ್ನ ಅಭ್ಯಂತರವಿಲ್ಲ.

ಇಲ್ಲಿ ಅಕ್ಕನ ತಾರಸಿಯ ಮೇಲೆ ಬಿದಿರು ನೆಟ್ಟು ಒಂದು ಹಾಕಿದ್ದೇನೆ. ನಮ್ಮ ಬೀದಿಗೆ, ಅದರ ಹಿಂದಿನ ಬೀದಿಗೆ ತಲುಪುತ್ತದೆ. ಈಗ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಇದೇ ಸಲ ಇನ್ನೊಂದು ಜಾತಿಯ ಅಲೆಯನ್ನೂ ಬಿಟ್ಟುಕೊಟ್ಟಿದ್ದಾರೆ, ಇದಕ್ಕಿಂತ ಚುರುಕಾದದ್ದು. ಅದು ಮಾತ್ರ ಒಳಗೇ ಇರಬೇಕಂತೆ. ಅದು ಹೊರಗೆ ಬರುವುದಕ್ಕೆ ಇನ್ನೆಷ್ಟು ವರ್ಷವೋ.

ಕೆಳಗೆ ನಿಂತು ಹೇಳು ಎಂದು ಕರೆದಿದ್ದೀಯ. ಬರುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಈ ಸಲವೂ ಹುಡುಗ ಹೊಸಿಲು ದಾಟದೆಯೇ ಕೆಲಸ ಮುಗಿಸಿದ ಎಂದು ತಿಳಿಸು, ಅವರಿಗೆ ಸಂತೋಷವಾಗುತ್ತದೆ.

ನಾನು ಹೇಳಿದಷ್ಟು ಮಾಡಿದರೆ ಸಂಪರ್ಕ ಸಿಗುತ್ತದೆ. ಸಿಕ್ಕ ಮೇಲೆ ನನಗೆ ಬರೆಯಬೇಕಾಗಿಲ್ಲ.

ರಾಜೇಂದ್ರ